ಕೊನೆಯ ಕೋಶ ಆರುವವರೆಗೆ

ಕಪ್ಪು ಬಳಿದ ಗಾಜಿನ ಬಾಗಿಲು ಪುಡಿಯಾದ ಸದ್ದಿಗೆ ಸಂಶೋಧಕಿ ತಲೆ ಎತ್ತುವಷ್ಟರಲ್ಲಿ ಕಬ್ಬಿಣದ ಸರಳು ಸೂಕ್ಷ್ಮದರ್ಶಕದ ಮೇಲೆ ಬಿತ್ತು.

ಹೊರಗೆ ಮಟಮಟ ಮಧ್ಯಾಹ್ನ. ಆದರೆ ಆ ಕೋಣೆಗೆ ಹಗಲು ಕಾಲಿಡುವಂತಿರಲಿಲ್ಲ. ಕೋಶಗಳ ಹೊಳಪು ಕಾಣಬೇಕೆಂದರೆ ಕತ್ತಲೆಯೇ ಬೇಕು. ಒಡೆದ ಬಾಗಿಲಿನಿಂದ ನುಗ್ಗಿದ ಬೆಳಕಿನಲ್ಲಿ ಅವಳಿಗೆ ಕಂಡದ್ದು ಹೆಲ್ಮೆಟ್ಟು, ಉದ್ದನೆಯ ರೇನ್‌ಕೋಟು, ಮತ್ತೆ ಎತ್ತಿದ ಕೈ.

ಕಂಪನಿಯವರ ಕಡೆಯವನೇ. "ನಾಳೆ ಕೋರ್ಟಲ್ಲಿ ಬಾಯಿ ಬಿಟ್ರೆ ಕೈಕಾಲು ಮುರೀತೀವಿ, ಮೇಡಂ" ಎಂದು ಫೋನಿನಲ್ಲಿ ಮರ್ಯಾದೆಯಿಂದಲೇ ಹೇಳಿದ್ದರು.

ಅವರ ಕೀಟನಾಶಕದ ಜಾತಕವೆಲ್ಲ ಅವಳ ಕೈಯಲ್ಲಿತ್ತು. ತೋಟಕ್ಕೆ ಔಷಧಿ ಹೊಡೆದ ದಿನ ಆ ಗಾಳಿ ಕುಡಿದು ಸತ್ತ ಹುಡುಗನೊಬ್ಬನ ಚರ್ಮದ ಚೂರಿನಿಂದ ಅವಳು ನರಕೋಶಗಳನ್ನು ಬೆಳೆಸಿದ್ದಳು. ಅವಕ್ಕೆ ಹೊಳೆಯುವ ಬಣ್ಣ ಕುಡಿಸಿ, ಒಂದು ಹನಿ ಕೀಟನಾಶಕ ಬಿಟ್ಟರೆ ಸಾಕು. ಎಲ್ಲವೂ ಒಮ್ಮೆಲೇ ಹಸಿರಾಗಿ ಧಗ್ಗೆಂದು ಉರಿದು, ಮಿಣಮಿಣ ನಡುಗಿ, ಒಂದೊಂದಾಗಿ ಆರುತ್ತಿದ್ದವು. ನೋಡಿದವರು ಮುಖ ತಿರುಗಿಸುತ್ತಿದ್ದರು. ಅವಳು ಮಾತ್ರ ಪ್ರತಿ ಸಲವೂ ಕೊನೆಯ ಕೋಶ ಆರುವವರೆಗೆ ಎವೆಯಿಕ್ಕದೆ ನೋಡುತ್ತಿದ್ದಳು.

"ಯಾರೋ ಕಳಿಸಿದ್ದು ನಿನ್ನ?"

ಚಿತ್ರಗಳೆಲ್ಲ ಇದ್ದ ಕಂಪ್ಯೂಟರನ್ನು ಅವನು ಮುಟ್ಟಲೂ ಇಲ್ಲ. ನೆಟ್ಟಗೆ ಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆಯತ್ತ ನಡೆದ. ಅವಳು ಅಡ್ಡ ನಿಂತಳು. ಸರಳು ಬೀಸಿ ಬಂತು. ಮಣಿಕಟ್ಟಿನ ಮೂಳೆ ಲಟಕ್ಕೆಂದಿತು. ಅವನು ಸರಳನ್ನು ಬಿಸಾಡಿ, ಒಳಗಿದ್ದ ಕೋಶಗಳ ಪುಟ್ಟ ತಟ್ಟೆಗಳನ್ನೆಲ್ಲ ತೆಗೆದು ಎದೆಗವಚಿಕೊಂಡ.

ನೋವು ನೆತ್ತಿಗೇರಿತ್ತು, ಸಿಟ್ಟು ಅದಕ್ಕೂ ಮೇಲೆ. ಉಳಿದ ಕೈಯಲ್ಲಿ ಅವಳು ಅದೇ ಸರಳನ್ನು ಎತ್ತಿದಳು. ಪಕ್ಕೆಗೆ ಬಾರಿಸಿದಳು. ಮೊಣಕಾಲಿಗೆ ಬಾರಿಸಿದಳು. ಅವನು ಕುಸಿದ. ಕುಸಿಯುವಾಗಲೂ ತಟ್ಟೆಗಳು ಅಲುಗದಂತೆ ಹಿಡಿದಿದ್ದನೇ ಹೊರತು ಏಟು ತಡೆಯಲು ಕೈ ಎತ್ತಲಿಲ್ಲ. ಅವಳು ತಲೆಗೇ ಬೀಸಿದಳು. ಹೆಲ್ಮೆಟ್ಟು ಕಳಚಿ ಉರುಳಿತು.

ಅವಳ ಗಂಡ.

ಸರಳು ಅವಳ ಕೈಯಿಂದ ಜಾರಿತು. "ನಿನ್ನನ್ನೂ ಕೊಂಡುಕೊಂಡ್ರಾ ಅವರು?"

ಅವನ ಕಿವಿಯಿಂದ ರಕ್ತ ಇಳಿದು ಕೊರಳ ಪಟ್ಟಿ ತೊಯ್ಯುತ್ತಿತ್ತು. ತಟ್ಟೆಗಳನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡ.

"ಒಂದು ಸಲ ಸತ್ತದ್ದು ಸಾಲದೇನೇ? ದಿನಾ ವಿಷ ಹಾಕಿ ಸಾಯಿಸ್ತೀಯಲ್ಲ, ನಮ್ಮ ಮಗನ್ನ."