ಎರಡನೇ ಸ್ವರ

"ತಾವು ನೆಲದ ಮ್ಯಾಲೆ ಕೂಡಬ್ಯಾಡ್ರಿ, ಕಾಲಿಗೆ ಬೀಳ್ತೀನ್ರಿ" ಎನ್ನುತ್ತ ರೈಲ್ವೆ ಗಾರ್ಡ್ ಭೀಮಪ್ಪ ಪಕ್ಕದ ಮನೆಯಿಂದ ಕೇಳಿ ತಂದ ಕುರ್ಚಿಯನ್ನು ಮುಂದೆ ತಳ್ಳಿದ. ನಟಭಾಸ್ಕರ ಬಸವಂತಪ್ಪನವರು ಅದನ್ನು ಹಿಂದೆ ತಳ್ಳಿದರು. ಅಜನಿ ರೈಲ್ವೆ ಕ್ವಾರ್ಟರ್ಸಿನ ಆ ಒಂದೂವರೆ ಖೋಲಿಯಲ್ಲಿ ಕುರ್ಚಿ ನಾಲ್ಕು ಸಲ ಅಪ್-ಡೌನ್ ಮಾಡಿ, ಕೊನೆಗೆ ಗೋಡೆಗೆ ತಗುಲಿ ನಿಂತಿತು. ನಟಭಾಸ್ಕರರು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿಯೇಬಿಟ್ಟರು.

ಕನ್ನಡ, ಮರಾಠಿ ಎರಡೂ ರಂಗಗಳಲ್ಲಿ ಅವರದೇ ಹೆಸರು. ನಿನ್ನೆ ನಾಗಪುರದ ಜನ ಅವರ ಒಂದೇ ಹಾಡಿಗೆ ಆರು ಸಲ 'ವನ್ಸ್ ಮೋರ್' ಕೂಗಿದ್ದರು. ಇವತ್ತು ರಾಮದಾಸಪೇಠದ ವಕೀಲರೊಬ್ಬರ ಬಂಗಲೆಯಲ್ಲಿ ಚಹಾ. ಅದಕ್ಕೂ ಮುಂಚೆ ಅರ್ಧ ತಾಸು ಕದ್ದುಕೊಂಡು ಇಲ್ಲಿಗೆ ಬಂದಿದ್ದರು. ನರಗುಂದದ ಶಾಲೆಯಲ್ಲಿ ಭೀಮಪ್ಪ ಅವರ ಪಕ್ಕದಲ್ಲೇ ಕೂತು ಪೆಟ್ಟು ತಿಂದವನು.

"ಭೀಮ್ಯಾ, ಒಂದು ಕೇಳ್ತೀನಿ. ಕೊಡತೀ?"

"ಅಪ್ಪಣೆ ಆಗಲ್ರಿ."

"ನನಗ ಒಂದ ಸಲ 'ಲೇ' ಅನ್ನು."

ಭೀಮಪ್ಪ ಹೆಂಡತಿ ಕಲಾವತಿಯ ಮುಖ ನೋಡಿದ. ಅವಳು ಬಾಗಿಲ ಸಂದಿಯಲ್ಲಿ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು.

"ಅವ್ವ ಅಂತಿದ್ಲು, ಹೋದ್ಲು. ಎಂಟು ವರ್ಷ ಆತು. ಹೇಂತಿ ರೀ ಅಂತಾಳ, ಅಣ್ಣ ರೀ ಅಂತಾನ. ಮನಿ ನಾಯಿ ಬೊಗಳಿದ್ರೂ ಕಡೀಕ ಒಂದು ರೀ ಹಚ್ಚಿದಂಗ ಕೇಳತೈತಿ. ಹಾಡಿನಾಗ ಏಳು ಸ್ವರ ಅದಾವ, ಭೀಮ್ಯಾ. ಬಾಳಿನಾಗ ನನಗ ಉಳಿದದ್ದು ಎರಡನೇದೊಂದ. ರೀ, ರೀ, ರೀ."

"ಖರೇ ಐತ್ರಿ," ಅಂದ ಭೀಮಪ್ಪ.

"ಅನ್ನಪಾ ಮತ್ತ."

ಭೀಮಪ್ಪ ಗಂಟಲು ಸರಿಮಾಡಿಕೊಂಡ. "ಲೇ... ಲೇ ಬಸ್ಯಾ... ರೀ."

ಕಲಾವತಿ ಅಡುಗೆಮನೆಗೆ ಓಡಿದಳು. ಪಾತ್ರೆಗಳ ನಡುವೆ ಅವಳ ನಗು ಕೇಳಿಸಿತು.

ನಟಭಾಸ್ಕರರು ಬೇರೆ ಉಪಾಯ ಹೂಡಿದರು. ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಏರಿಸಿ, ದನಿಯನ್ನೂ ಅದೇ ಮೂಗಿಗೆ ಏರಿಸಿ, ತಮ್ಮ ಶಾಲೆಯ ವ್ಯಾಸರಾಜ ಮಾಸ್ತರರಾದರು. "ಭೀಮಪ್ಪಾ, ಹದಿನೇಳ ಎಂಟ್ಲೇ ಎಷ್ಟೋ? ಕೆರಕೋಬ್ಯಾಡ. ಅದು ತಲಿ, ತಿಕ್ಕೋ ತಂಬಗಿ ಅಲ್ಲ." ಈ ನಕಲು ಮೊದಲು ಮಾಡಿದವನೇ ಭೀಮಪ್ಪ, ಬಸವಂತಪ್ಪನವರು ಕದ್ದದ್ದು ಅವನಿಂದ. ಒಂದು ಬೈಗಳಾದರೂ ಬಿದ್ದೀತೆಂದು ಕಾದರು. ಭೀಮಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದ. "ಎಂಥಾ ಕಲಾ ರೀ ತಮ್ಮದು."

ಹೊರಗೆ ನಾಟಕ ಕಂಪನಿಯ ಮ್ಯಾನೇಜರ ಕಾರಿನ ಹಾರನ್ ಒತ್ತಿದ. ನಟಭಾಸ್ಕರರು ಭಾರವಾಗಿ ಎದ್ದರು. ಗೂಟಕ್ಕೆ ಭೀಮಪ್ಪನ ಡ್ಯೂಟಿ ಕೋಟು ತೂಗುತ್ತಿತ್ತು. ಅದರ ಜೇಬಿನಿಂದ ದಾರ ಕಟ್ಟಿದ ಹಿತ್ತಾಳೆ ಸೀಟಿ ಇಣುಕುತ್ತಿತ್ತು.

"ಇದನ್ನ ಊದಿದ್ರ ಏನಾಗತೈತಿ?"

"ನಾಕೂವರಿಗೆ ಇಟಾರ್ಸಿ ಪ್ಯಾಸೆಂಜರ್ ಬಿಡತೈತ್ರಿ. ತಮಗ ಸೀಟಿ ಹೊಡಿಯೋರು ಸಾವಿರ ಮಂದಿ. ನನ್ನ ಸೀಟಿ ಕೇಳೋದು ಅದೊಂದ ಗಾಡಿ. ಇದಿಲ್ದ ಹೋದ್ರ ಸಾಹೇಬ ನನ್ನ ಮನೀಗೆ ಕಳಸ್ತಾನ್ರಿ, ಕಾಯಂ."

ಭೀಮಪ್ಪ ಚಹಾದ ಬಟ್ಟಲು ಒಳಗಿಡಲು ಹೋದ. ನಟಭಾಸ್ಕರರು ಸೀಟಿಯನ್ನು ತಮ್ಮ ಜೇಬಿಗೆ ಇಳಿಸಿ, ಏನೂ ಅರಿಯದ ಮುಖ ಮಾಡಿಕೊಂಡು ಹೊರಟರು. ಮುಖ ಮಾಡುವುದು ಹೇಗೂ ಅವರ ಕಸುಬು.

ಓಣಿಗೆ ಓಣಿಯೇ ಕೈಮುಗಿದು ನಿಂತಿತ್ತು. ನಟಭಾಸ್ಕರರು ಕಾರು ಹತ್ತಿ ಕೂತರು. ಮ್ಯಾನೇಜರ ಬಾಗಿಲು ಹಾಕಿದ. ಕಾರು ಗುರುಗುಟ್ಟಿತು. ಅಷ್ಟರಲ್ಲಿ ಭೀಮಪ್ಪ, ಒಂದು ತೋಳು ಕೋಟಿನೊಳಗೆ, ಇನ್ನೊಂದು ಗಾಳಿಯೊಳಗೆ, ಓಡಿಬಂದ.

"ಲೇ ಬಸ್ಯಾ! ನನ್ನ ಸೀಟಿ ಕೊಡ್ಲೇ, ಕಳ್ಳ. ಸಾಲ್ಯಾಗ ಬಳಪ ಕದ್ದಿ, ಈಗ ನೌಕರೀನೂ ಕದೀತಿಯೇನ್ಲೇ, ಕತ್ತಿಮಗನ?"

ಮುಗಿದ ಕೈಗಳೆಲ್ಲ ಹಾಗೇ ನಿಂತವು. ಮ್ಯಾನೇಜರನ ಮುಖ ಬಿಳಿಚಿತು. ಕಾರಿನ ಕಿಟಕಿಯಿಂದ ಒಂದು ಮುಷ್ಟಿ ಹೊರಬಂತು. ಬೆರಳ ಸಂದಿಯಿಂದ ಸೀಟಿಯ ದಾರ ಜೋತಾಡುತ್ತಿತ್ತು. ಭೀಮಪ್ಪ ಏದುಸಿರು ಬಿಡುತ್ತ ಕೈಚಾಚಿದ. ಮುಷ್ಟಿ ಬಿಚ್ಚಲಿಲ್ಲ.

"ವನ್ಸ್ ಮೋರ್," ಅಂದ ಬಸ್ಯಾ.