ತಾರಸಿಯ ಕಾವಲು

ಮಧ್ಯಾಹ್ನ ಎರಡು ಗಂಟೆ. ತಾರಸಿಯ ಮೇಲೆ ಗುಂಡ ಬೊಗಳುತ್ತಿದ್ದ. ಸುಭದ್ರಮ್ಮ ಬಾಗಿಲು ತೆರೆದರೆ ಪಕ್ಕದ ಮನೆಯ ಅನಂತರಾಯರು ಕೆಂಡವಾಗಿ ನಿಂತಿದ್ದರು.

"ಏನಮ್ಮ, ಊಟ ಮಾಡಿ ಒಂದು ಗಳಿಗೆ ಮಲಗೋ ಹಾಗಿಲ್ವಾ? ನಿಮ್ಮ ನಾಯಿ ಇರಬೇಕು, ಇಲ್ಲ ನಾನಿರಬೇಕು."

"ಅದು ಸುಮ್ಮನೆ ಬೊಗಳಲ್ಲ ರಾಯರೇ, ಕೋತಿ ಓಡಿಸುತ್ತೆ. ಎರಡು ಮನೆಗೂ ಒಂದೇ ತಾರಸಿ. ನಿಮ್ಮನೆಯವರ ಸಂಡಿಗೆನೂ ಅಲ್ಲೇ ಒಣಗ್ತಿದೆಯಲ್ಲ."

"ನಮ್ಮ ಸಂಡಿಗೆ ಕಾಯೋದು ನಮಗೆ ಗೊತ್ತು. ನಾಳೆ ಇದರ ಸದ್ದು ಕೇಳಿದ್ರೆ ಪುರಸಭೆಯವರಿಗೆ ಹೇಳಿ ಗಾಡಿಗೆ ಹಾಕಿಸ್ತೀನಿ."

ಮರುದಿನ ಬೆಳಗ್ಗೆಯೇ ಸುಭದ್ರಮ್ಮ ಗುಂಡನನ್ನು ಕೆಳಗಿಳಿಸಿ ನಡುಮನೆಯಲ್ಲಿ ಕಟ್ಟಿದರು. ಮಧ್ಯಾಹ್ನದ ಹೊತ್ತಿಗೆ ಕೋತಿಗಳು, ರಾಯರ ಹೆಂಡತಿ ಇಡೀ ವರ್ಷಕ್ಕೆಂದು ಇಟ್ಟ ಸಂಡಿಗೆಯಲ್ಲಿ ಅರ್ಧ ತಿಂದು, ಉಳಿದದ್ದನ್ನು ಬೀದಿಗೆ ಚೆಲ್ಲಿದವು. ಅಂದು ಸಂಜೆಯವರೆಗೂ ಪಕ್ಕದ ಮನೆಯಲ್ಲಿ ಆಕೆಯ ದನಿಯೊಂದೇ ಕೇಳಿಸಿತು.

ಎರಡು ದಿನ ಕಳೆದು, ಅದೇ ಹೊತ್ತಿಗೆ ತಾರಸಿಯಿಂದ ಬೊಗಳುವ ಸದ್ದು ಬಂತು. ಗುಂಡ ಹಗ್ಗ ಬಿಚ್ಚಿಕೊಂಡನೇನೋ ಎಂದು ಸುಭದ್ರಮ್ಮ ನಡುಮನೆಗೆ ಓಡಿದರು. ಗುಂಡ ಚಾಪೆಯ ಮೇಲೆ ಕಾಲು ಚಾಚಿ ಬಿದ್ದುಕೊಂಡಿದ್ದ. ಅವರು ಮೆಟ್ಟಿಲು ಹತ್ತಿ ನೋಡಿದರು. ಹೊಸದಾಗಿ ಇಟ್ಟ ಸಂಡಿಗೆಯ ಪಕ್ಕ ಅನಂತರಾಯರು ತಲೆಗೆ ಒದ್ದೆ ಟವೆಲ್ ಕಟ್ಟಿಕೊಂಡು, ನೀರಿನ ಟ್ಯಾಂಕಿನ ಮೇಲೆ ಕೂತ ಕೋತಿಯತ್ತ ಕತ್ತು ಚಾಚಿ ಬೊಗಳುತ್ತಿದ್ದರು.

"ಸ್ವಲ್ಪ ಮೆಲ್ಲಗೆ ಬೊಗಳಿ ರಾಯರೇ," ಎಂದರು ಸುಭದ್ರಮ್ಮ, "ನಮ್ಮ ಗುಂಡ ಊಟ ಮಾಡಿ ಮಲಗಿದ್ದಾನೆ."