ಕೆಂಪು ಹೆಬ್ಬೆಟ್ಟು

ಎಂಜಲು ಹಚ್ಚಿ ಉಜ್ಜಿದ ಕೆಂಪು ನೂಲು ಬಾಳವ್ವನ ಹೆಬ್ಬೆಟ್ಟಿಗೆ ಬಣ್ಣ ಬಿಟ್ಟಿತು. ಇಚಲಕರಂಜಿಯ ಮೂವರು ಅಣ್ಣತಮ್ಮಂದಿರ ಮಗ್ಗದ ಶೆಡ್ಡುಗಳಿಗೆ ಬರುವ ನೂಲನ್ನೆಲ್ಲ ಮೊದಲು ಪರೀಕ್ಷಿಸುವವಳು ಅವಳೇ. ಬೆರಳನ್ನು ಹಿರಿಯ ಮಾಲೀಕ ಆದಗೊಂಡನ ಮುಂದೆ ಹಿಡಿದಳು.

"ಬಣ್ಣ ಕಚ್ಚಾ ಐತ್ರಿ. ದಡಿಗೆ ಹಾಕಿದ್ರ, ಒಮ್ಮೆ ಒಗದ್ರ ಸಾಕು, ಸೀರಿ ತುಂಬ ಹರಡತೈತಿ. ಮೂರೂ ಶೆಡ್ಡಿನ ಹೆಸರು ಕೆಡತೈತ್ರಿ."

"ಭಾಳ ಛಲೋ ನೋಡಿದಿ," ಎಂದ ಆದಗೊಂಡ. "ನನ್ನ ಶೆಡ್ಡಿಗೆ ಬ್ಯಾಡ. ಯುದ್ಧದ ಕಾಲದಾಗ ನೂಲು ಸಿಗೂದ ಕಷ್ಟ, ಚೆಲ್ಲಾಕ ಆಗೂದಿಲ್ಲ, ತಮ್ಮಂದಿರ ಶೆಡ್ಡಿಗೆ ಹೋಗಲಿ."

ಅವಳು ಬಾಯಿ ತೆರೆಯುವಷ್ಟರಲ್ಲಿ ಚೀಟಿ ಬರೆದು ಓದಿದ: "ನೂಲು ಪರೀಕ್ಷಿಸಿದ್ದೇನೆ, ಬಣ್ಣ ಗಟ್ಟಿಯಿದೆ." ಕೆಳಗೆ ಬಾಳವ್ವನ ಹೆಸರು.

ಹೆಬ್ಬೆಟ್ಟು ಒತ್ತಲೆಂದು ಅವನು ಮುಂದಿಟ್ಟ ಮಸಿಯ ಡಬ್ಬಿಯನ್ನು ಬಾಳವ್ವ ದೂರ ತಳ್ಳಿದಳು. ಆದಗೊಂಡ ಅವಳ ಮಣಿಕಟ್ಟು ಹಿಡಿದು, ಹೆಬ್ಬೆಟ್ಟನ್ನು ಚೀಟಿಗೆ ಒತ್ತಿದ.

"ಮಸಿ ಯಾಕ ಬೇಕ? ಬಣ್ಣ ಐತಲ್ಲ."